ನಾಲ್ಕನೆಯ ಬೋಲ್ಟು

ಎರಡನೆಯ ಪಿ.ಯು.ಸಿ.ಯ ಭೌತಶಾಸ್ತ್ರ ಪ್ರಯೋಗ ಪರೀಕ್ಷೆಯಲ್ಲಿ ಆ ಹುಡುಗನಿಗೆ ಮೂವತ್ತಕ್ಕೆ ಮೂವತ್ತು ಅಂಕ ಬಂದಿತ್ತು. ಅವನ ಪಾಲಿಗೆ ಬಂದದ್ದು ಮೀಟರ್ ಬ್ರಿಡ್ಜ್ ಬಳಸಿ ತಂತಿಯ ರೋಧಶೀಲತೆ ಕಂಡುಹಿಡಿಯುವ ಪ್ರಯೋಗ. ಅದಕ್ಕೆ ತಂತಿಯ ವ್ಯಾಸ ಬೇಕು, ವ್ಯಾಸ ಅಳೆಯಲು ಸ್ಕ್ರೂಗೇಜ್ ಬೇಕು. 'ಪಿಚ್ ಎಂದರೇನು?' ಎಂದು ಪರೀಕ್ಷಕರು ಕೇಳಿದರು. 'ಸ್ಕ್ರೂ ಒಂದು ಪೂರ್ಣ ಸುತ್ತು ತಿರುಗಿದಾಗ ಮುಂದಕ್ಕೆ ಚಲಿಸುವ ದೂರ' ಎಂದು ಹುಡುಗ ಉಸಿರು ತೆಗೆದುಕೊಳ್ಳದೆ ಹೇಳಿದ.

ಅದಾದ ಎರಡೇ ತಿಂಗಳಿಗೆ ಅದೇ ಹುಡುಗ ಪಿಚ್ ಎಷ್ಟೆಂದು ನೋಡದೆ ಒಂದು ಬೋಲ್ಟು ತಿರುಗಿಸಿ, ಅರವತ್ತು ವರ್ಷ ಹಳೆಯದಾದ ಕಾರಿನ ಚೌಕಟ್ಟಿನ ತಿರುಪನ್ನು ಹಾಳುಮಾಡಿದ. ಹಾಳುಮಾಡುವುದು ದೊಡ್ಡ ಮಾತಲ್ಲ, ಕೆಲಸ ಕಲಿಯುವವರೆಲ್ಲ ಏನನ್ನಾದರೂ ಹಾಳುಮಾಡುತ್ತಾರೆ. ಆದರೆ ಅವನು ಹನ್ನೊಂದು ದಿನ ಅದನ್ನು ಯಾರಿಗೂ ಹೇಳಲಿಲ್ಲ.

ಕಾರು ಅವನ ಅಜ್ಜನದು. ಅಜ್ಜ ರೂರ್ಕೆಲದ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಆ ಕಾರ್ಖಾನೆ ಜರ್ಮನ್ನರ ನೆರವಿನಿಂದ ಎದ್ದದ್ದು. ಊರಿಗೆ ಹಿಂದಿರುಗುವಾಗ ಜರ್ಮನ್ ತಂತ್ರಜ್ಞರೊಬ್ಬರು ಮಾರಿಹೋದ 1965ರ ಫೋಕ್ಸ್‌ವ್ಯಾಗನ್ ಬೀಟಲ್ ಅದು. ಆಮೆಯ ಚಿಪ್ಪಿನಂಥ ಬೆನ್ನು, ದುಂಡು ಕಣ್ಣುಗಳು, ಹಿಂದೆ ಎಂಜಿನ್ನು, ಮುಂದೆ ಪೆಟ್ರೋಲ್ ಟ್ಯಾಂಕು. ನೀರು ಬೇಡದ, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್. ಜಗತ್ತಿನಲ್ಲಿ ಇಂಥ ಕಾರುಗಳು 2 ಕೋಟಿ 15 ಲಕ್ಷಕ್ಕೂ ಹೆಚ್ಚು ತಯಾರಾದವು. ಕಟ್ಟಕಡೆಯದು 2003ರ ಜುಲೈನಲ್ಲಿ ಮೆಕ್ಸಿಕೋದ ಪ್ಯುಬ್ಲಾದ ಕಾರ್ಖಾನೆಯಿಂದ ಹೊರಬಂತು. ಕಾಕತಾಳೀಯವೆಂಬಂತೆ ಮೈಸೂರಿನ ಈ ಕಾರು ಓಡುವುದನ್ನು ನಿಲ್ಲಿಸಿದ್ದೂ 2003ರಲ್ಲೇ. ಅಜ್ಜ ತೀರಿಕೊಂಡ ಮೇಲೆ ಅದು ಮನೆಯ ಹಿಂದಿನ ಶೀಟಿನ ಮಾಡಿನ ಕೆಳಗೆ, ತೆಂಗಿನ ಗರಿ, ಹಳೆಯ ಸೈಕಲ್ಲು, ಒಡೆದ ಸಂಪ್ ಮುಚ್ಚಳಗಳ ಜೊತೆ ನಿಂತುಬಿಟ್ಟಿತು.

ಅಜ್ಜಿಗೆ ಮಾತ್ರ ಅದರ ಮೇಲೆ ಕಣ್ಣು. ಎಂಬತ್ತಕ್ಕೆ ಹತ್ತಿರವಾಗಿರುವ ಆಕೆಯ ಆಸೆ ಒಂದೇ: ಯಜಮಾನರು ಕರೆದೊಯ್ಯುತ್ತಿದ್ದ ಹಾಗೆ ಅದೇ ಕಾರಿನಲ್ಲಿ ಇನ್ನೊಂದು ಸಲ ಮೇಲುಕೋಟೆಗೆ ಹೋಗಿ ಚೆಲುವನಾರಾಯಣನನ್ನು ನೋಡಿ ಬರಬೇಕು. ಬೇರೆ ಕಾರು ಬಾಗಿಲಲ್ಲೇ ನಿಂತಿರುತ್ತದೆ, ಎ.ಸಿ. ಇದೆ. 'ಅದರಲ್ಲಿ ನೀವು ಹೋಗಿ' ಎನ್ನುವುದು ಆಕೆಯ ಉತ್ತರ.

ಮಗನ ಪರೀಕ್ಷೆಗಳು ಮುಗಿದ ದಿನ ತಂದೆ ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆತಂದರು. ತಂದೆ ಬ್ಯಾಂಕಿನಲ್ಲಿ ಅಧಿಕಾರಿ, ಐವತ್ತೊಂದು ವರ್ಷ, ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೆ ಊಟ ಸೇರದ ಮನುಷ್ಯ. ಮೇಸ್ತ್ರಿಗೆ ಅರವತ್ತೆಂಟು. ಈಗ ಗ್ಯಾರೇಜಿಲ್ಲ, ಕರೆದವರ ಮನೆಗೆ ಬಂದು ಕೆಲಸ ಮಾಡಿಕೊಟ್ಟು ಹೋಗುತ್ತಾರೆ. ಹುಡುಗ ಸಹಾಯಕ. 'ರಜೆಯಲ್ಲಿ ಮೊಬೈಲು ನೋಡುವುದಕ್ಕಿಂತ ಇದು ವಾಸಿ' ಎಂಬುದು ತಾಯಿಯ ಒಪ್ಪಿಗೆಯ ಕಾರಣ.

ಬೀಟಲ್ ಕಾರಿನ ಅಸ್ಥಿಪಂಜರ ಸರಳ. ನಡುವೆ ಬೆನ್ನುಮೂಳೆಯಂತೆ ಒಂದು ಉದ್ದನೆಯ ಉಕ್ಕಿನ ಸುರಂಗ, ಅದರ ಎರಡು ಪಕ್ಕಕ್ಕೂ ನೆಲದ ತಗಡು. ಬೆನ್ನುಮೂಳೆಯ ಮುಂತುದಿಯಲ್ಲಿ ಡಬ್ಬಿಯಂಥ ಗಟ್ಟಿ ಭಾಗ, ಅದೇ ಚೌಕಟ್ಟಿನ ತಲೆ. ಮುಂದಿನ ಅಚ್ಚು ಈ ತಲೆಗೆ ಕೂಡುತ್ತದೆ. ಅಚ್ಚೆಂದರೆ ಒಂದರ ಮೇಲೊಂದು ಅಡ್ಡ ಮಲಗಿಸಿದ ಎರಡು ಉಕ್ಕಿನ ಕೊಳವೆಗಳು. ಕೊಳವೆಗಳ ಒಳಗೆ ಉಕ್ಕಿನ ಪಟ್ಟಿಗಳ ಕಟ್ಟುಗಳಿವೆ. ಚಕ್ರ ಗುಂಡಿಗೆ ಬಿದ್ದಾಗ ಆ ಪಟ್ಟಿಗಳು ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಏಟನ್ನು ನುಂಗುತ್ತವೆ. ಸ್ಟಿಯರಿಂಗಿನ ಪೆಟ್ಟಿಗೆಯೂ ಮೇಲಿನ ಕೊಳವೆಗೇ ಕಚ್ಚಿಕೊಂಡಿದೆ. ಇಷ್ಟನ್ನೂ ಚೌಕಟ್ಟಿನ ತಲೆಗೆ ಹಿಡಿದಿಡುವುದು ನಾಲ್ಕು ಬೋಲ್ಟುಗಳು, ದಪ್ಪ 12 ಮಿಲಿಮೀಟರ್. ಇವುಗಳ ಹಿಂದೆ ನಟ್ಟಿಲ್ಲ. ಚೌಕಟ್ಟಿನಲ್ಲೇ ತಿರುಪು ಕೊರೆದಿದೆ, ಬೋಲ್ಟು ನೇರವಾಗಿ ಅದರೊಳಗೆ ಹೋಗುತ್ತದೆ. ನಟ್ಟು ಹಾಳಾದರೆ ಹತ್ತು ರೂಪಾಯಿ ಕೊಟ್ಟು ಬೇರೆ ತರಬಹುದು. ಚೌಕಟ್ಟಿನ ತಿರುಪು ಹಾಳಾದರೆ?

ಮೇಸ್ತ್ರಿ ಅಚ್ಚನ್ನು ಬಿಚ್ಚಿಸಿದರು. ಅದಕ್ಕಾಗಿ ಪೆಟ್ರೋಲ್ ಟ್ಯಾಂಕನ್ನು ಮೊದಲು ಇಳಿಸಬೇಕಾಯಿತು, ಏಕೆಂದರೆ ಕಾರಿನ ಮೈಯನ್ನು ಅಚ್ಚಿಗೆ ಬಿಗಿಯುವ ಇನ್ನೆರಡು ಬೋಲ್ಟುಗಳು ಅದರ ಅಡಿಯಲ್ಲಿ ಅಡಗಿವೆ. ತುಕ್ಕು ಕೆರೆದದ್ದಾಯಿತು, ಬಣ್ಣ ಬಳಿದದ್ದಾಯಿತು. ನಾಲ್ಕು ಬೋಲ್ಟುಗಳಲ್ಲಿ ಒಂದರ ತಲೆ ಬಿಚ್ಚುವಾಗಲೇ ದುಂಡಗಾಗಿತ್ತು. 'ಇದಕ್ಕೆ ಬೇರೆ ಬೇಕು, ನಾನೇ ತರುತ್ತೇನೆ' ಎಂದು ಹೇಳಿ ಮೇಸ್ತ್ರಿ ಸಂಬಂಧಿಕರ ಮದುವೆಗೆಂದು ಊರಿಗೆ ಹೋದರು. ನಾಲ್ಕು ದಿನ ಎಂದದ್ದು, ಅಲ್ಲಿ ಜ್ವರ ಹಿಡಿದು ಎರಡು ವಾರವಾಯಿತು.

ಹದಿನೆಂಟರ ಹುಡುಗನಿಗೆ ನಾಲ್ಕು ದಿನ ಎಂದರೇ ಯುಗ. ದುಂಡಗಾದ ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯಾತ ವರ್ನಿಯರ್ ಹಿಡಿದು ನೋಡಿ 'ಹನ್ನೆರಡು ಎಂ.ಎಂ.' ಎಂದು ಹೊಸ ಬೋಲ್ಟು ಕೊಟ್ಟ. ಅದು ಹನ್ನೆರಡೇ. ತಪ್ಪು ಅಲ್ಲಿರಲಿಲ್ಲ.

ಮಕ್ಕಳು ಒಂದು ಪುಟ್ಟ ಪ್ರಯೋಗ ಮಾಡಿ ನೋಡಬಹುದು. ಕಾಗದದಲ್ಲಿ ಲಂಬಕೋನ ತ್ರಿಭುಜ ಒಂದನ್ನು ಕತ್ತರಿಸಿ, ಇಳಿಜಾರಿನ ಅಂಚಿಗೆ ಕೆಂಪು ಗೆರೆ ಎಳೆದು, ಪೆನ್ಸಿಲಿಗೆ ಸುತ್ತಿ. ಕೆಂಪು ಗೆರೆ ಪೆನ್ಸಿಲನ್ನು ಬಳಸಿ ಮೇಲೇರುತ್ತದೆ. ತಿರುಪು ಎಂದರೆ ಇಷ್ಟೇ, ಕಂಬಕ್ಕೆ ಸುತ್ತಿದ ಇಳಿಜಾರು. ಚಾಮುಂಡಿ ಬೆಟ್ಟಕ್ಕೆ ನೇರ ಮೆಟ್ಟಿಲೂ ಇದೆ, ಸುತ್ತಿ ಏರುವ ರಸ್ತೆಯೂ ಇದೆ. ರಸ್ತೆಯಲ್ಲಿ ಹೋದರೆ ದೂರ ಹೆಚ್ಚು, ಶ್ರಮ ಕಡಿಮೆ. ತಿರುಪಿನಲ್ಲೂ ಹಾಗೆಯೇ. ಒಂದೇ ದಪ್ಪದ ಎರಡು ಪೆನ್ಸಿಲುಗಳಿಗೆ ಬೇರೆ ಬೇರೆ ಕೋನದ ತ್ರಿಭುಜಗಳನ್ನು ಸುತ್ತಿದರೆ ಗೆರೆಗಳ ನಡುವಣ ಅಂತರ ಬೇರೆಯಾಗುತ್ತದೆ. ಆ ಅಂತರವೇ ಪಿಚ್.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 12 ಮಿ.ಮೀ. ಬೋಲ್ಟಿನ ಪಿಚ್ 1.75 ಮಿ.ಮೀ. ಆ ಕಾರಿನ ಚೌಕಟ್ಟಿನಲ್ಲಿರುವುದು 1.5 ಮಿ.ಮೀ., ಸ್ವಲ್ಪ ನಯವಾದ ತಿರುಪು. ಪಕ್ಕಪಕ್ಕ ಹಿಡಿದರೆ ಕಣ್ಣಿಗೆ ವ್ಯತ್ಯಾಸ ಥಟ್ಟನೆ ಕಾಣದು. ಒಂದು ಸುತ್ತಿಗೆ ಕಾಲು ಮಿಲಿಮೀಟರ್, ನಾಲ್ಕು ಸುತ್ತಿಗೆ ಒಂದು ಮಿಲಿಮೀಟರ್. ಮೊದಲ ಒಂದೆರಡು ಸುತ್ತು ಎರಡೂ ಸ್ನೇಹಿತರಂತೆ ಜೊತೆಯಲ್ಲಿ ಹೋಗುತ್ತವೆ. ಆಮೇಲೆ ಬೋಲ್ಟಿನ ದಿಬ್ಬ ಬಂದು ಚೌಕಟ್ಟಿನ ದಿಬ್ಬದ ಮೇಲೆಯೇ ಕೂರುತ್ತದೆ. ಬೋಲ್ಟು ಕಚ್ಚಿಕೊಳ್ಳುತ್ತದೆ. ಎರಡು ಬೋಲ್ಟುಗಳ ತಿರುಪುಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ಬೆಳಕಿಗೆ ತೋರಿಸಿದ್ದರೆ ಸಾಕಿತ್ತು. ಒಂದೇ ಪಿಚ್‌ನವಾದರೆ ಹಲ್ಲಿಗೆ ಹಲ್ಲು ಕೂತು ಬೆಳಕು ಸೋರುವುದಿಲ್ಲ, ಬೇರೆಯಾದರೆ ಸಂದಿಯಲ್ಲಿ ಬೆಳಕು ಕಾಣುತ್ತದೆ. ಅರ್ಧ ನಿಮಿಷದ ಕೆಲಸ. ಸ್ಕ್ರೂಗೇಜಿನಲ್ಲಿ ಮೂವತ್ತಕ್ಕೆ ಮೂವತ್ತು ತೆಗೆದ ಹುಡುಗನಿಗೆ ಅದು ಹೊಳೆಯಲಿಲ್ಲ. ಪಿಚ್ ಎಂಬುದು ಅವನ ಮಟ್ಟಿಗೆ ಪ್ರಯೋಗದ ದಾಖಲೆ ಪುಸ್ತಕದಲ್ಲಿ ವಾಸವಾಗಿತ್ತು. ಕಾರಿನ ಅಡಿಯಲ್ಲಿ ಅದು ಇದ್ದೀತು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರು ಬೇರೆ ಇರುತ್ತಾರೆ, ಇಲ್ಲಿ ಪ್ರಶ್ನೆಯನ್ನೂ ತಾನೇ ಕೇಳಿಕೊಳ್ಳಬೇಕು.

ಈ ತೊಂದರೆ ಹೊಸದೂ ಅಲ್ಲ. ಒಂದಾನೊಂದು ಕಾಲದಲ್ಲಿ ಪ್ರತಿ ಕಾರ್ಖಾನೆಯ ತಿರುಪೂ ಬೇರೆ ಬೇರೆ, ಒಂದರ ನಟ್ಟು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಒಂದು ಮಾನಕ ತಿರುಪನ್ನು ಸೂಚಿಸಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯೇ ಮೇಲೆಂದ. ಇಂದಿನ ಮೆಟ್ರಿಕ್ ತಿರುಪಿನ ಕೋನವೂ 60. ನಮ್ಮ ಗುಜರಿ ಅಂಗಡಿಗಳ ಬೋಲ್ಟಿನ ಡಬ್ಬಗಳಲ್ಲಿ ಇವುಗಳ ವಂಶದವರೆಲ್ಲ ಇಂದಿಗೂ ಒಟ್ಟಿಗೇ ಇದ್ದಾರೆ.

ಬೋಲ್ಟು ಎರಡು ಸುತ್ತು ಕೈಯಲ್ಲೇ ಹೋಯಿತು, ಆಮೇಲೆ ನಿಂತಿತು. ತುಕ್ಕಿರಬೇಕು ಎಂದುಕೊಂಡ ಹುಡುಗ ಸ್ಪ್ಯಾನರ್ ಹಾಕಿದ. ಬಿಗಿಯಾಗಿತ್ತು. ಇಪ್ಪತ್ತು ಸೆಂಟಿಮೀಟರಿನ ಸ್ಪ್ಯಾನರಿಗೆ ನೀರಿನ ಪೈಪಿನ ತುಂಡು ಸೇರಿಸಿ ಎಂಬತ್ತು ಸೆಂಟಿಮೀಟರ್ ಮಾಡಿಕೊಂಡ. ಸನ್ನೆಯ ತತ್ತ್ವ ಅವನಿಗೆ ಚೆನ್ನಾಗಿ ಗೊತ್ತು, ತೋಳು ನಾಲ್ಕು ಪಟ್ಟಾದರೆ ಅದೇ ಬಲಕ್ಕೆ ನಾಲ್ಕು ಪಟ್ಟು ತಿರುಗಿಸುವ ಶಕ್ತಿ. ಮೂವತ್ತು ಕಿಲೋ ತೂಕದಷ್ಟು ಬಲ ಹಾಕಿ ಎಳೆದನೆಂದರೂ ಸುಮಾರು 240 ನ್ಯೂಟನ್-ಮೀಟರ್ ಆಯಿತು. ಅಲ್ಲಿ ಬೇಕಾದದ್ದು ಅದರ ನಾಲ್ಕನೇ ಒಂದು ಭಾಗವೂ ಅಲ್ಲ. ಬೋಲ್ಟು ಕಿರುಗುಟ್ಟುತ್ತ ತಿರುಗಿತು. ಗೆದ್ದೆನೆಂದುಕೊಂಡ. ಕೊನೆಯಲ್ಲಿ ತಲೆ ಕೂತ ಮೇಲೆ ಇನ್ನೊಂದು ಸಲ ಎಳೆದ. ಆಗ ಕೈಗೆ ಒಂದು ಮೆತ್ತನೆ ತಿಳಿಯಿತು.

ಸ್ಪ್ಯಾನರ್ ಹಿಡಿದವರಿಗೆಲ್ಲ ಆ ಮೆತ್ತನೆ ಗೊತ್ತು. ಬಿಗಿಯುತ್ತ ಹೋದ ಹಾಗೆ ವಿರೋಧ ಏರುತ್ತಿರುತ್ತದೆ, ಏರುತ್ತಿರಬೇಕು. ಇದ್ದಕ್ಕಿದ್ದಂತೆ ಅದು ಏರುವುದನ್ನು ಬಿಟ್ಟು ಜಾರುತ್ತದೆ, ಮೆಟ್ಟಿಲಿದೆಯೆಂದು ಕತ್ತಲಲ್ಲಿ ಕಾಲಿಟ್ಟರೆ ಇಲ್ಲದ ಹಾಗೆ. ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತದೆ. ಹುಡುಗನಿಗೂ ಆಯಿತು. ಬಿಚ್ಚಿ ನೋಡಿದ. ಬೋಲ್ಟಿನ ತಿರುಪಿನ ತುಂಬ ಉಕ್ಕಿನ ಸುರುಳಿಗಳು, ಚೌಕಟ್ಟಿನ ತಿರುಪಿನ ಸಿಪ್ಪೆ. ಹಾಕಿದರೆ ಬೋಲ್ಟು ಕೈಯಲ್ಲೇ ಸುತ್ತುತ್ತಿತ್ತು.

ಮನೆಯಲ್ಲಿ ನಲ್ಲಿ ಜೋಡಿಸಲು ತಂದ ಬಿಳಿಯ ಟೇಪ್ ಇತ್ತು. ಬೋಲ್ಟಿಗೆ ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತಿ ಒಳಕ್ಕೆ ನೂಕಿ ತಿರುಗಿಸಿದ. ಸಾಕಷ್ಟು ಗಟ್ಟಿಯಾಗಿ ಕೂತಿತು. ಮೇಲೆ ಕಪ್ಪು ಬಣ್ಣ ಬಳಿದ. ಉಳಿದ ಮೂರನ್ನೂ ಬಳಿದ, ಒಂದನ್ನೇ ಬಳಿದರೆ ಗೊತ್ತಾಗುತ್ತದಲ್ಲ. ನಾಲ್ಕೂ ಒಂದೇ ತರಹ ಕಾಣುತ್ತಿದ್ದವು. ಸಂಜೆ ಬಂದ ತಂದೆ ಟಾರ್ಚ್ ಹಾಕಿ ನೋಡಿ 'ಭೇಷ್' ಎಂದರು. ಆ ಮಾತು ಅವನನ್ನು ಹನ್ನೊಂದು ದಿನ ಬಿಡಲಿಲ್ಲ.

ಟೇಪಿನಿಂದ ಕೂತ ಬೋಲ್ಟಿಗೂ ತಿರುಪಿನಿಂದ ಕೂತ ಬೋಲ್ಟಿಗೂ ಏನು ವ್ಯತ್ಯಾಸ? ಎರಡೂ ಅಲುಗುವುದಿಲ್ಲ. ವ್ಯತ್ಯಾಸ ಕಣ್ಣಿಗೆ ಕಾಣದ್ದು. ಸರಿಯಾಗಿ ಬಿಗಿದ ಬೋಲ್ಟು ಒಂದು ಸ್ಪ್ರಿಂಗು. ಅದನ್ನು ನಾವು ತಿರುಗಿಸುತ್ತಿದ್ದೇವೆ ಎಂದುಕೊಂಡರೂ ನಿಜವಾಗಿ ಎಳೆಯುತ್ತಿರುತ್ತೇವೆ. ಸ್ಪ್ಯಾನರಿನ ಮೇಲೆ ಹಾಕಿದ ದುಡಿಮೆಯಲ್ಲಿ ಹೆಚ್ಚುಕಡಿಮೆ ಅರ್ಧ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತದೆ, ನೂರಕ್ಕೆ ನಲವತ್ತರಷ್ಟು ತಿರುಪಿನ ಘರ್ಷಣೆಗೆ. ಉಳಿದ ಹತ್ತು ಭಾಗವಷ್ಟೇ ಬೋಲ್ಟನ್ನು ಹಿಗ್ಗಿಸುವುದು. ಆ ಹತ್ತು ಭಾಗದ ಫಲ ನೋಡಿ. 12 ಮಿ.ಮೀ. ಬೋಲ್ಟಿಗೆ 50 ನ್ಯೂಟನ್-ಮೀಟರಿನಷ್ಟು ಟಾರ್ಕ್ ಕೊಟ್ಟರೆ ಅದು ಎರಡು ವಸ್ತುಗಳನ್ನು ಸುಮಾರು ಎರಡು ಟನ್ ತೂಕದಷ್ಟು ಬಲದಿಂದ ಅದುಮಿ ಹಿಡಿಯುತ್ತದೆ. ನಾಲ್ಕು ಬೋಲ್ಟಿಗೆ ಎಂಟು ಟನ್, ಇಡೀ ಕಾರೇ ಒಂದು ಟನ್ ತೂಗುವುದಿಲ್ಲ. ಹೀಗೆ ಅದುಮಿ ಹಿಡಿದಾಗ ರಸ್ತೆಯ ಏಟುಗಳನ್ನು ತಾಳುವುದು ಅಚ್ಚು ಮತ್ತು ಚೌಕಟ್ಟಿನ ನಡುವಣ ಘರ್ಷಣೆ. ಆ ಏಟುಗಳ ಅಲ್ಪ ಪಾಲು ಮಾತ್ರ ಬೋಲ್ಟಿಗೆ ತಾಗುತ್ತದೆ. ಇಷ್ಟೆಲ್ಲ ಮಾಡಲು ಬೋಲ್ಟು ಎಷ್ಟು ಹಿಗ್ಗಬೇಕು? ಎರಡು ಸೆಂಟಿಮೀಟರ್ ಉದ್ದದಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಭಾಗ, ಸ್ಕ್ರೂಗೇಜಿನ ಎರಡು ಗೆರೆ.

ಟೇಪಿನಲ್ಲಿ ಸಿಕ್ಕಿಕೊಂಡ ಬೋಲ್ಟು ಇದ್ಯಾವುದನ್ನೂ ಮಾಡುವುದಿಲ್ಲ. ಅದು ಬಾಟಲಿಯ ಬಿರಡೆ. ಅದರ ಪಾಲಿನ ಕೆಲಸ ಉಳಿದ ಮೂರರ ಮೇಲೆ ಬೀಳುತ್ತದೆ. ಒಂದೇ ದಿನದಲ್ಲಿ ಅಚ್ಚು ಕಳಚಿ ಬೀಳುವುದಿಲ್ಲ ನಿಜ. ಮೂಲೆ ಅಲುಗುತ್ತದೆ, ಅಲುಗಿದ ಮೂಲೆ ಪಕ್ಕದ ಬೋಲ್ಟನ್ನು ಸಡಿಲಿಸುತ್ತದೆ, ಆಮೇಲೆ ಅದರ ಪಕ್ಕದ್ದನ್ನು.

ಕಾರು ಓಡತೊಡಗಿತು. ಟ್ಯಾಂಕು ಕೂರಿಸಿ, ಬ್ರೇಕು ನೋಡಿ, ತಂದೆ ಬಡಾವಣೆಯಲ್ಲಿ ನಾಲ್ಕು ಸುತ್ತು ಹೊಡೆದರು. ಬೀದಿಯ ಮಕ್ಕಳು ಹಿಂದೆ ಓಡಿದರು. ಮೂರನೆಯ ದಿನ ರಸ್ತೆಯ ಉಬ್ಬುಗಳ ಮೇಲೆ ಮುಂದಿನಿಂದ 'ಕಟಕ್' ಎಂಬ ಸದ್ದು ಶುರುವಾಯಿತು. 'ಹಳೆಯ ಕಾರು, ಸದ್ದು ಮಾಡದೆ ಇದ್ದೀತೆ' ಎಂದರು ತಂದೆ. ಹುಡುಗ ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಅಜ್ಜಿ ಭಾನುವಾರ ಮೇಲುಕೋಟೆ ಎಂದು ನಿಶ್ಚಯಿಸಿದರು. ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಐವತ್ತು ಕಿಲೋಮೀಟರಿನಷ್ಟು ದಾರಿ. ಕೊನೆಯಲ್ಲಿ ಬೆಟ್ಟದ ತಿರುವುಗಳು.

ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ. ಫಲಿತಾಂಶದ ಚಿಂತೆ ಇರಬೇಕೆಂದು ತಾಯಿ ಬಗೆದರು. ಮಕ್ಕಳ ಮೌನಕ್ಕೆಲ್ಲ ನಾವು ಮೊದಲು ಹಚ್ಚುವ ಕಾರಣ ಅದೇ ಅಲ್ಲವೆ?

ಶನಿವಾರ ರಾತ್ರಿ ಊಟವಾದ ಮೇಲೆ ಅಜ್ಜಿ ನಾಳೆಗೆಂದು ಪುಳಿಯೋಗರೆಯ ಗೊಜ್ಜು ತೆಗೆದಿಟ್ಟು, ಹೆಣ್ಣುದೇವರಿಗೆ ಕೊಡುವ ಸೀರೆಯನ್ನು ಮಡಿಸುತ್ತಿದ್ದರು. ಹುಡುಗ ತಂದೆಯ ಮುಂದೆ ನಿಂತು, 'ಅಪ್ಪಾ, ನಾಳೆ ಬೇರೆ ಕಾರಿನಲ್ಲಿ ಹೋಗೋಣ' ಎಂದ.

'ಯಾಕೆ?'

'ನಾಲ್ಕನೇ ಬೋಲ್ಟು ಇಲ್ಲ. ಅಂದರೆ ಇದೆ, ಆದರೆ ಹಿಡಿದಿಲ್ಲ.'

ಆಮೇಲೆ ಎಲ್ಲವನ್ನೂ ಹೇಳಿದ, ಪೈಪು, ಮೆತ್ತನೆ, ಟೇಪು, ಬಣ್ಣ. ತಂದೆ ಕೂಗಾಡಲಿಲ್ಲ. ಕೂಗಾಡುತ್ತಾರೆಂದು ತಾಯಿ ಬಾಗಿಲಿಗೆ ಬಂದು ನಿಂತಿದ್ದರು. ತಂದೆ ಕೇಳಿದ್ದು ಒಂದೇ, 'ಬಲಗಡೆ ಕೆಳಗಿನದಾ?' ಹುಡುಗ ಹೌದೆಂದ. ತಂದೆ ಕನ್ನಡಕ ತೆಗೆದು ಒರೆಸಿಕೊಂಡು ಎದ್ದು ಹೋದರು. ಅವರಿಗೆ ಅದು ಹೇಗೆ ಗೊತ್ತಾಯಿತೆಂದು ಹುಡುಗನಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಮೇಸ್ತ್ರಿ ಮಂಗಳವಾರ ಬಂದರು. ಬೋಲ್ಟನ್ನು ಎರಡು ಬೆರಳಿನಲ್ಲಿ ಬಿಚ್ಚಿ, ಟೇಪಿನ ಎಳೆಗಳನ್ನು ಬಿಡಿಸಿ, ತಲೆಯ ಮೇಲೆ ಏನಾದರೂ ಅಂಕಿ ಇದೆಯೇ ಎಂದು ತಿರುಗಿಸಿ ನೋಡಿದರು. ಏನೂ ಇರಲಿಲ್ಲ. ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಎಂಬಂಥ ಅಂಕಿ ಇರುತ್ತದೆ. ಮೊದಲ 8 ಎಂದರೆ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತಕ್ಕೆ ತುಂಡಾಗುತ್ತದೆ ಎಂದು. ಚುಕ್ಕಿಯ ನಂತರದ 8 ಎಂದರೆ ಅದರ ನೂರಕ್ಕೆ ಎಂಬತ್ತರವರೆಗೆ ಎಳೆದರೂ ಬಿಟ್ಟ ಮೇಲೆ ಮೊದಲಿನ ಉದ್ದಕ್ಕೆ ಮರಳುತ್ತದೆ ಎಂದು. ಅಂಕಿಯಿಲ್ಲದ ಬೋಲ್ಟು ಯಾವ ಮಾತನ್ನೂ ಕೊಟ್ಟಿಲ್ಲ.

'ವೆಲ್ಡ್ ಹೊಡೆದುಬಿಡೋಣವೇ?' ಎಂದು ಹುಡುಗ ಕೇಳಿದ. 'ಹೊಡೆಯಬಹುದು. ಮುಂದೆ ಬಿಚ್ಚುವವನು ನಮ್ಮಿಬ್ಬರಿಗೂ ಶಾಪ ಹಾಕುತ್ತಾನೆ' ಎಂದರು ಮೇಸ್ತ್ರಿ. ತೂತು ದೊಡ್ಡದು ಮಾಡಿ 14 ಮಿ.ಮೀ. ಬೋಲ್ಟು ಹಾಕಬಹುದಲ್ಲ ಎಂಬುದು ಎರಡನೆಯ ಸಲಹೆ. ಹಾಕಬಹುದು, ಆದರೆ ಅಚ್ಚಿನಲ್ಲಿರುವ ತೂತನ್ನೂ ಕೊರೆಯಬೇಕಾಗುತ್ತದೆ. ಒಂದು ತಪ್ಪಿಗೆ ಸರಿಯಿರುವ ಇನ್ನೊಂದನ್ನು ಹಾಳುಮಾಡುವುದು ಮೇಸ್ತ್ರಿಗೆ ಹಿಡಿಸುವುದಿಲ್ಲ. ಉದ್ದನೆಯ ಬೋಲ್ಟು ಹಾಕಿ ಒಳಗೆ ಉಳಿದ ತಿರುಪನ್ನು ಹಿಡಿಯೋಣವೆಂದರೆ, ಟಾರ್ಚ್ ಬಿಟ್ಟು ನೋಡಿದಾಗ ಒಳಗೂ ತಿರುಪು ಅರೆಬರೆ. 'ಇಷ್ಟನ್ನೂ ನೀನು ಒಬ್ಬನೇ ತಿಂದಿಲ್ಲ. ಇದು ಮೊದಲೇ ಅರ್ಧ ಹೋಗಿತ್ತು' ಎಂದು ಗೊಣಗಿದರು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಪೆಟ್ಟಿಗೆ ತರಿಸಿದರು. ಅದರಲ್ಲಿ ಒಂದು ವಿಶೇಷ ಟ್ಯಾಪ್, ಒಂದು ಕೀಲಿ, ಮತ್ತು ಸ್ಪ್ರಿಂಗಿನಂಥ ಕೆಲವು ಪುಟ್ಟ ಸುರುಳಿಗಳು. ಹೆಲಿಕಾಯಿಲ್ ಎಂದು ಕೆಲಸಗಾರರ ಬಾಯಲ್ಲಿ ಪ್ರಸಿದ್ಧ. ತುಕ್ಕು ಹಿಡಿಯದ ಉಕ್ಕಿನ ತಂತಿ, ಆದರೆ ದುಂಡು ತಂತಿಯಲ್ಲ, ಅಡ್ಡ ಕೊಯ್ದರೆ ವಜ್ರಾಕೃತಿ. ಸುರುಳಿಯ ಹೊರಮೈ ಒಂದು ತಿರುಪು, ಒಳಮೈ ಇನ್ನೊಂದು ತಿರುಪು. ಹಾಳಾದ ತೂತನ್ನು ಸ್ವಲ್ಪ ಅಗಲಿಸಿ, ಹೊಸ ತಿರುಪು ಕೊರೆದು, ಈ ಸುರುಳಿಯನ್ನು ಅದರೊಳಗೆ ತಿರುಗಿಸಿ ಕೂರಿಸಿದರೆ ಒಳಗೆ ಮತ್ತೆ ಮೊದಲಿನ 12 ಮಿ.ಮೀ., ಮೊದಲಿನ 1.5 ಪಿಚ್ ಸಿಗುತ್ತದೆ. ಬೋಲ್ಟಿಗೆ ಏನೂ ನಡೆದೇ ಇಲ್ಲವೆಂಬಂತೆ.

ಮತ್ತೆ ಟ್ಯಾಂಕು ಇಳಿಸಿ, ಪೆಟ್ರೋಲ್ ಕೊಳವೆಗೆ ಬಿರಡೆ ಹಾಕಿ, ಅಚ್ಚು ಬಿಚ್ಚಿದರು. ತೂತು ಕೊರೆಯುವಾಗ ಡ್ರಿಲ್ಲು ಒಂದೆರಡು ಡಿಗ್ರಿ ವಾಲಿದರೂ ಬೋಲ್ಟು ಓರೆಯಾಗಿ ಕೂರುತ್ತದೆ, ತಲೆಯ ಒಂದೇ ಅಂಚು ತಾಗುತ್ತದೆ. ಕೈಯಲ್ಲಿ ಹಿಡಿದ ಡ್ರಿಲ್ಲನ್ನು ಯಾರೂ ನೇರ ಹಿಡಿಯಲಾರರು, ಹಿಡಿದೆನೆಂದು ಹೇಳುವವರುಂಟು. ಮೇಸ್ತ್ರಿ ಲೇತಿನವರಿಂದ ಎರಡು ಬೆರಳು ದಪ್ಪದ ಉಕ್ಕಿನ ತುಂಡೊಂದನ್ನು ಮಾಡಿಸಿ ತಂದರು. ಅದರಲ್ಲಿ ಎರಡು ತೂತು. ಒಂದರ ಮೂಲಕ ಅದನ್ನು ಪಕ್ಕದ ಒಳ್ಳೆಯ ತಿರುಪಿಗೆ ಬಿಗಿಯುವುದು, ಇನ್ನೊಂದು ಡ್ರಿಲ್ಲಿಗೆ ದಾರಿ ತೋರುವುದು. ಅರ್ಧ ದಿನ ಆ ತುಂಡಿಗೇ ಹೋಯಿತು. ಕೊರೆದದ್ದು ನಾಲ್ಕು ನಿಮಿಷ.

ಟ್ಯಾಪನ್ನು ಹುಡುಗನ ಕೈಗೇ ಕೊಟ್ಟರು. ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚೂರು ಮುರಿಯುತ್ತದೆ, ಇಲ್ಲದಿದ್ದರೆ ಚೂರು ಸಿಕ್ಕಿ ಟ್ಯಾಪೇ ಮುರಿಯುತ್ತದೆ. ಮುರಿದ ಟ್ಯಾಪು ಡ್ರಿಲ್ಲಿನಷ್ಟೇ ಗಡಸು, ಆಮೇಲೆ ಅದನ್ನು ತೆಗೆಯುವುದು ಬೇರೆಯೇ ಪುರಾಣ. ಕೆಳಗೆ ಹಾಸಿದ ಹಳೆಯ ಪತ್ರಿಕೆಯ ಮೇಲೆ ಎಣ್ಣೆ ಮೆತ್ತಿದ ಚೂರುಗಳು ಬಿದ್ದವು. ಮೇಸ್ತ್ರಿ ಅವುಗಳನ್ನು ಬಳಿಯಲು ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿದರು. ಉಕ್ಕಿನ ಚೂರೆಲ್ಲ ಮೀಸೆಯಂತೆ ಎದ್ದು ಅಂಟಿಕೊಂಡಿತು. ಕಾಗದದ ಮೇಲೆ ಏಳೆಂಟು ಚೂರುಗಳು ಉಳಿದವು. ಹಳದಿ ಬಣ್ಣ.

'ಹಿತ್ತಾಳೆ' ಎಂದ ಹುಡುಗ. ಅಯಸ್ಕಾಂತ ಹಿತ್ತಾಳೆಯನ್ನು ಎತ್ತುವುದಿಲ್ಲವೆಂದು ಅವನಿಗೆ ಏಳನೆಯ ತರಗತಿಯಿಂದ ಗೊತ್ತು. 'ಚೌಕಟ್ಟಿನಲ್ಲಿ ಹಿತ್ತಾಳೆ ಎಲ್ಲಿಂದ ಬಂತು?'

ಮೇಸ್ತ್ರಿ ಉತ್ತರ ಕೊಡಲಿಲ್ಲ. ಅವರು ಐವತ್ತು ವರ್ಷಗಳಿಂದ ಇಂಥದ್ದನ್ನು ನೋಡಿದ್ದಾರೆ. ತಿರುಪು ಸವೆದ ತೂತಿಗೆ ತೆಳು ತಗಡು ಸುತ್ತಿ ಬೋಲ್ಟು ಹೊಡೆಯುವುದು ಟೇಪಿನ ಅಣ್ಣನಂಥ ಉಪಾಯ. ತಂದೆ ಅಂದು ರಜೆ ಹಾಕಿ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಬಗ್ಗಿ ಆ ಚೂರುಗಳಲ್ಲಿ ದೊಡ್ಡದೊಂದನ್ನು ಎತ್ತಿಕೊಂಡು ಅಂಗೈಯಲ್ಲಿ ತಿರುಗಿಸಿ ನೋಡಿದರು.

'1991ರದ್ದು' ಎಂದರು.

ಹದಿನೇಳು ವರ್ಷದ ಅವರು, ಅಪ್ಪ ಊರಲ್ಲಿಲ್ಲದಾಗ, ಇದೇ ಕಾರಿನ ಕೆಳಗೆ ಮಲಗಿ, ಇದೇ ಬೋಲ್ಟನ್ನು ಬಿಗಿಯಲು ಹೋಗಿದ್ದರಂತೆ. ಪೈಪು ಅವರೂ ಹಾಕಿದ್ದರು. ಆ ಮೇಲೆ ಹನ್ನೆರಡು ವರ್ಷ ಕಾರು ಓಡಿತು. ಊಟಿಗೆ ಹೋಯಿತು, ಮೇಲುಕೋಟೆಗೆ ಎಷ್ಟೋ ಸಲ ಹೋಯಿತು, ಅವರ ಅಕ್ಕನನ್ನು ಹೆರಿಗೆಗೆ ಕರೆತಂದಿತು. ಮುಂದಿನಿಂದ ಸದ್ದು ಬಂದಾಗಲೆಲ್ಲ ಹಿಂದಿನ ಸೀಟಿನಲ್ಲಿ ಕೂತ ಅವರಿಗೆ ಬೆವರು. ಅಪ್ಪನಿಗೆ ಹೇಳಲಿಲ್ಲ. ಹೇಳಬೇಕೆನ್ನುವಷ್ಟರಲ್ಲಿ ಅಪ್ಪ ಇರಲಿಲ್ಲ. 'ನೀನು ಹನ್ನೊಂದು ದಿನಕ್ಕೆ ಹೇಳಿದೆ' ಎಂದಷ್ಟೇ ಅಂದು ಚೂರನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಸುರುಳಿಯನ್ನು ಕೂರಿಸಿದ್ದು ಮೇಸ್ತ್ರಿಯೇ. ಸುರುಳಿಯ ತಳದಲ್ಲಿ ಒಂದು ಅಡ್ಡಗೋಲು ಇರುತ್ತದೆ, ಕೀಲಿ ಅದನ್ನು ಹಿಡಿದು ತಿರುಗಿಸುತ್ತದೆ. ಬಿಡಿಯಾಗಿರುವಾಗ ಸುರುಳಿ ತೂತಿಗಿಂತ ಕೊಂಚ ಅಗಲ. ತಿರುಗಿಸುವಾಗ ಕುಗ್ಗಿ ಒಳಹೋಗಿ, ಬಿಟ್ಟ ಮೇಲೆ ಹಿಗ್ಗಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಅಂಟು ಬೇಡ, ವೆಲ್ಡು ಬೇಡ. ಮೇಲ್ಮೈಯಿಂದ ಅರ್ಧ ಸುತ್ತು ಕೆಳಗೆ ಇಳಿದ ಮೇಲೆ ನಿಲ್ಲಿಸಿ, ಪಂಚಿನಿಂದ ಒಂದೇ ಏಟಿಗೆ ಅಡ್ಡಗೋಲನ್ನು ಮುರಿದು ಹೊರತೆಗೆದರು. ಸಾಮಾನ್ಯ ತಿರುಪಿನಲ್ಲಿ ಹೊರೆಯ ಸುಮಾರು ಮೂರನೇ ಒಂದು ಪಾಲನ್ನು ಮೊದಲ ಸುತ್ತೇ ಹೊರುತ್ತದೆ, ಒಳಗಿನ ಸುತ್ತುಗಳು ಸೋಮಾರಿಗಳು. ಸುರುಳಿ ಸ್ವಲ್ಪ ಬಾಗಿಕೊಡುವುದರಿಂದ ಹೊರೆ ಒಳಗಿನ ಸುತ್ತುಗಳಿಗೂ ಹಂಚಿಹೋಗುತ್ತದೆ. ಹೊರಗಿನ ತಿರುಪು ಅಗಲವಾದ್ದರಿಂದ ಚೌಕಟ್ಟಿನ ಲೋಹವನ್ನೂ ಹೆಚ್ಚು ಹಿಡಿಯುತ್ತದೆ. ಸರಿಯಾಗಿ ಮಾಡಿದ ರಿಪೇರಿ ಹಲವು ಸಲ ಮೊದಲಿನದಕ್ಕಿಂತ ಗಟ್ಟಿ.

8.8 ಅಂಕಿಯ ನಾಲ್ಕು ಹೊಸ ಬೋಲ್ಟುಗಳು ಬಂದಿದ್ದವು. ಹುಡುಗ ಪ್ರತಿಯೊಂದನ್ನೂ ಹಳೆಯ ಒಳ್ಳೆಯ ಬೋಲ್ಟಿಗೆ ಒತ್ತಿ ಹಿಡಿದು ಬೆಳಕಿಗೆ ನೋಡಿದ. ನಾಲ್ಕನ್ನೂ ಮೊದಲು ಬೆರಳಿನಲ್ಲೇ ಕೊನೆಯವರೆಗೂ ತಿರುಗಿಸಬೇಕು, ಬೆರಳಿಗೆ ಬಾರದ್ದು ಸ್ಪ್ಯಾನರಿಗೂ ಬರಬಾರದು ಎಂದು ಮೇಸ್ತ್ರಿಯ ಕಟ್ಟಪ್ಪಣೆ. ಆಮೇಲೆ ಟಾರ್ಕ್ ರೆಂಚ್, ಎದುರುಬದುರು ಮೂಲೆಗಳಲ್ಲಿ, ಮೂರು ಹಂತದಲ್ಲಿ. ನಾಲ್ಕನೆಯದರ ಸರದಿ ಬಂದಾಗ ಹುಡುಗನ ಕೈ ನಡುಗುತ್ತಿತ್ತು. ವಿರೋಧ ಏರಿತು, ಇನ್ನೂ ಏರಿತು, ರೆಂಚು 'ಟಿಕ್' ಎಂದಿತು. ಮೆತ್ತನೆ ಬರಲಿಲ್ಲ. ಈ ಸಲ ಕಪ್ಪು ಬಣ್ಣ ಬಳಿಯಲಿಲ್ಲ. ಬೋಲ್ಟಿನ ತಲೆಯಿಂದ ಚೌಕಟ್ಟಿನವರೆಗೆ ಒಂದೊಂದು ಬಿಳಿಯ ಗೆರೆ ಎಳೆದರು. ಬೋಲ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿದು ತೋರಿಸುತ್ತದೆ.

ಅಜ್ಜಿ ಕಾಫಿ ತಂದವರು ಕಾಗದದ ಮೇಲಿನ ಹಳದಿ ಚೂರುಗಳನ್ನು ನೋಡಿದರು. ಏನೆಂದು ಕೇಳಿದರು. ಮಗ ಹೇಳಿದರು. 'ಆ ತಗಡು ಎಲ್ಲಿಯದು?' ಎಂದು ಆಕೆ ಕೇಳಿದಾಗ ಮಗ ನೆಲ ನೋಡಿದರು.

ದೇವರ ಮಂಟಪದ ಮೆಟ್ಟಿಲಿಗೆ ಹೊದಿಸಿದ್ದ ಹಿತ್ತಾಳೆಯ ತಗಡಿನ ಒಂದು ಪಟ್ಟಿ 1991ರ ಬೇಸಿಗೆಯಲ್ಲಿ ಕಾಣೆಯಾಗಿತ್ತು. ಆಕೆಗೆ ಚೆನ್ನಾಗಿ ನೆನಪಿತ್ತು. ಲೋಟಗಳನ್ನು ಕೆಳಗಿಟ್ಟು, 'ನಾನು ಪಾತ್ರೆ ತೊಳೆಯುತ್ತಿದ್ದವಳನ್ನು ಕೇಳಿಬಿಟ್ಟಿದ್ದೆ' ಎಂದರು. 'ಅವಳು ಏನೂ ಅನ್ನಲಿಲ್ಲ. ಮಾರನೆಯ ದಿನದಿಂದ ಬರಲಿಲ್ಲ.'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಸ್ತ್ರಿ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ತುಂಬತೊಡಗಿದರು.

'ಅವಳ ಮನೆ ಎಲ್ಲಿತ್ತು?' ಎಂದು ಮಗ ಕೇಳಿದರು.

'ಒಂಟಿಕೊಪ್ಪಲಿನ ಕಡೆ. ಆ ವಠಾರವೇ ಈಗ ಇಲ್ಲ.'

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟರು. ಅಜ್ಜಿ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಪುಳಿಯೋಗರೆಯ ಡಬ್ಬಿ. ಪಾಂಡವಪುರ ದಾಟಿದ ಮೇಲೆ ಒಂದು ಆಲದ ಮರದ ಕೆಳಗೆ ತಂದೆ ಕಾರು ನಿಲ್ಲಿಸಿದರು. ಹುಡುಗ ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂದೆ ಅಂಗಾತ ಮಲಗಿ ಒಳಗೆ ತೂರಿದ. ಅಜ್ಜಿ ಇಳಿಯಲಿಲ್ಲ. 'ಇದೇನು, ದಾರಿಯಲ್ಲೇ ಪೂಜೆ ಶುರುಮಾಡಿದನಾ?' ಎಂದು ಗೊಣಗಿದರು.

ತಂದೆ ಬಗ್ಗಿ ಕೇಳಿದರು, 'ಏನಾಯಿತು?'

ಹುಡುಗ ಒಳಗಿನಿಂದ ಒಂದೊಂದೇ ಬೋಲ್ಟಿನ ಲೆಕ್ಕ ಒಪ್ಪಿಸಿದ. ನಾಲ್ಕು ಗೆರೆಗಳೂ ನೇರವಾಗಿದ್ದವು.